ಅತ್ತೆಯ ಸೀರೆ ಉಟ್ಟ ರಾಣಿ

ಎಂದಿನಂತೆ ಕೋಳಿ ಕೂಗುವ ಹೊತ್ತಿಗೆ ಎದ್ದೆ. ಅಂಗಳಕ್ಕೆ ನೀರು ಹೊಡೆದು ರಂಗೋಲಿ ಎಳೆದೆ, ಅತ್ತೆಯವರ ನಶ್ಯದ ಡಬ್ಬಿ ಒರೆಸಿ ಜಗುಲಿಯ ಮೇಲಿಟ್ಟೆ, ರೊಟ್ಟಿ ತಟ್ಟಲು ಕುಳಿತೆ. ವ್ಯತ್ಯಾಸವೆಂದರೆ ಆ ದಿನ ಮೂರು ರೊಟ್ಟಿ ಸೀದವು. ಸುಳ್ಳು ಹೇಳಲು ಹೊರಟವಳಿಗೆ ಹಂಚಿನ ಮೇಲೆ ಗಮನವಿರುವುದಿಲ್ಲ. ಸುಳ್ಳು ಮಹಾಪಾಪವೆಂದು ಕಾನ್ವೆಂಟಿನ ಸನ್ಯಾಸಿನಿಯರು ನನಗೆ ಆರು ವರ್ಷ ಕಲಿಸಿದ್ದರು. ಹೇಳಲೇಬೇಕಾಗಿ ಬಂದರೆ ಹೇಗೆ ಹೇಳಬೇಕೆಂದು ಮಾತ್ರ ಒಂದು ದಿನವೂ ಕಲಿಸಲಿಲ್ಲ. ಈ ಸುಳ್ಳಿಗೆ ಕಾರಣರಾದವರೂ ಅವರೇ.

ನನ್ನ ಮಗಳು ಪಾರು ಈಗ ಅದೇ ಶಾಲೆಯಲ್ಲಿ ಓದುತ್ತಾಳೆ. ಊರಿನ ವಕೀಲರೂ ಗುಮಾಸ್ತರೂ ಸೇರಿ ಹಳೆಯ ಸಂಸ್ಕೃತ ನಾಟಕವೊಂದನ್ನು ಆಗಿನ ನಮ್ಮೂರ ರೂಢಿಯಂತೆ ತೆಲುಗಿಗೆ ತಂದು ಆಡುವವರಿದ್ದರು. ಶಾಲೆಯ ಮಕ್ಕಳಿಗಾಗಿ ಹಗಲಿನಲ್ಲೇ ಒಂದು ಆಟ. ಹುಡುಗಿಯರ ಜೊತೆಗೆ ನಾನೂ ಬರಬೇಕೆಂದು ಕಾನ್ವೆಂಟಿನ ಮದರ್ ಚೀಟಿ ಕಳಿಸಿದರು. ನಮ್ಮ ಯಜಮಾನರು ಅದನ್ನು ಓದಿ, “ಹೋಗಿ ಬಾ. ಆದ್ರ ಅವ್ವನ ಮುಂದ ನನ್ನ ಹೆಸರು ತರಬ್ಯಾಡ” ಎಂದು ಧೈರ್ಯ ತುಂಬಿ ಕಚೇರಿಗೆ ಹೋದರು.

ಅತ್ತೆಯವರ ಕಾನೂನು ಸ್ಪಷ್ಟವಾಗಿತ್ತು: “ಸಾಲಿ ಕಲೀಲಿ, ಬ್ಯಾಡನ್ನಂಗಿಲ್ಲ. ನಾಟಕ ಗೀಟಕ ಅಂತ ಹೊರಗ ಕಾಲಿಟ್ಟ ದಿನ ಸಾಲಿ ಬಿಡಿಸಿ ಸಿರುಗುಪ್ಪದಾಗ ವರ ನೋಡ್ತೀನಿ.” ಪಾರುವಿಗೆ ಒಂಬತ್ತು ವರ್ಷ. ಅತ್ತೆಯವರು ಆಡಿದ ಮಾತನ್ನು ನಡೆಸದೆ ಬಿಟ್ಟದ್ದನ್ನು ನಾನು ಕಂಡಿಲ್ಲ.

“ಸಾಲ್ಯಾಗ ಹೊಲಿಗಿ ಕಲಿಸಾಕ ಕರೆದಾರ್ರಿ” ಎಂದೆ, ಒಲೆಯ ಕಡೆ ನೋಡುತ್ತ. ಅವರು ಮರುಪ್ರಶ್ನೆಯನ್ನೇ ಹಾಕಲಿಲ್ಲ. “ಹೋಗು. ನಾನೂ ಬಸಮ್ಮನ ಜೊತಿ ಕುರುಗೋಡು ಬಸವಣ್ಣನ ಗುಡಿಗೆ ಹೋಗಿ, ದೀಪ ಹಚ್ಚೋ ಹೊತ್ತಿಗೆ ಬರ್ತೀನಿ” ಎಂದರು. ಬಸಮ್ಮ ನಮ್ಮ ಪಕ್ಕದ ಮನೆಯವರು. ಅವರ ಗಂಡ, ಕಚೇರಿಯ ಗುಮಾಸ್ತರು, ವಾರದ ಹಿಂದೆ ಇದ್ದಕ್ಕಿದ್ದಂತೆ ಮೀಸೆ ಬೋಳಿಸಿದ್ದರು. ಕೇಳಿದರೆ ಹರಕೆ ಎಂದಿದ್ದರು. ಆ ಹರಕೆ ತೀರಿಸಲೆಂದೇ ಹೊರಟಿರಬೇಕೆಂದುಕೊಂಡೆ.

ನಾಟಕದ ಚಪ್ಪರದಲ್ಲಿ ಹೆಂಗಸರಿಗೆಂದು ಒಂದು ಮಗ್ಗುಲಿಗೆ ಬಿದಿರಿನ ತಟ್ಟಿ ಕಟ್ಟಿದ್ದರು. ಮುಂದೆ ಹುಡುಗಿಯರು, ಅವರ ಹಿಂದೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡ ನಾನು, ನನ್ನ ಹಿಂದೆ ಊರಿನ ಹೆಂಗಸರು. ಗುರುತಿನವರು ಯಾರಾದರೂ ಇದ್ದರೆ ಎಂಬ ಹೆದರಿಕೆಗೆ ನಾನು ಹಿಂದೆ ತಿರುಗಲೇ ಇಲ್ಲ. ಅಷ್ಟರಲ್ಲಿ ರಂಗದ ಮೇಲೆ ರಾಣಿ ಬಂದಳು. ಗಂಡಸೇ ಹಾಕಿದ ವೇಷ. ನಾನು ಮುಖ ನೋಡಲಿಲ್ಲ, ಸೀರೆ ನೋಡಿದೆ. ನೇರಳೆ ರೇಷ್ಮೆ. ಸೆರಗಿನಲ್ಲಿ ಹಳದಿ ನೂಲಿನ ಒಂದು ಹೂವು. ಹಿಂದಿನ ವರ್ಷ ಅತ್ತೆಯವರ ಸೀರೆಗೆ ದೀಪದ ಕಿಡಿ ತಾಗಿ ತೂತಾದಾಗ, ಅದನ್ನು ಮುಚ್ಚಲು ಆ ಹೂವು ಹೊಲಿದವಳು ನಾನು.

ಪಾರು ರಂಗದಿಂದ ಕಣ್ಣು ತೆಗೆಯದೆ ಹಿಂದಕ್ಕೆ ವಾಲಿ, “ಅವ್ವಾ, ಅದು ಅಜ್ಜಿ ಸೀರಿ ಅಲ್ಲೇನು?” ಎಂದಳು.

“ಸುಮ್ಮನ ನೋಡು. ದೂರದಿಂದ ಎಲ್ಲಾ ಸೀರಿ ಒಂದ ಥರಾನ ಇರ್ತಾವ.”

ಅತ್ತೆಯವರನ್ನು ಬಿಟ್ಟರೆ ಸೀರೆ ಪೆಟ್ಟಿಗೆಯ ಬೀಗದ ಕೈ ಇರುವುದು ನನ್ನ ಸೊಂಟದಲ್ಲಿ ಮಾತ್ರ. ಸೀರೆ ಕಳುವಾಗಿದೆ ಎಂದು ಮನೆಯಲ್ಲಿ ಹೇಳಿದರೆ, ಎಲ್ಲಿ ಕಂಡೆ ಎನ್ನುತ್ತಾರೆ. ಹೇಳದಿದ್ದರೆ ಕಳ್ಳಿ ನಾನೇ. ಅತ್ತ ನಾಟಕದಲ್ಲಿ ರಾಜ ರಾಣಿಯನ್ನು ಕಾಡಿಗೆ ಅಟ್ಟಿದ. ಅವಳು ಮಣ್ಣಿನಲ್ಲಿ ಹೊರಳಾಡಿ ಅತ್ತಳು. ಹುಡುಗಿಯರು ರಾಣಿಗಾಗಿ ಅತ್ತರು, ನಾನು ಜರಿಯಂಚಿಗಾಗಿ. ನನ್ನ ಬೆನ್ನ ಹಿಂದೆಯೇ ಯಾರೋ ಮೂರು ಸಲ ಸೀನಿ, “ಶಿವಶಿವಾ” ಎಂದು ಬಿಕ್ಕಿ ಬಿಕ್ಕಿ ಅಳತೊಡಗಿದರು. ನಶ್ಯದ ಘಾಟು ಬಂತು. ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ. ಭಯ ಹಿಡಿದವಳ ಕಿವಿಗೆ ಊರಿನ ಸೀನೆಲ್ಲ ಅತ್ತೆಯದೇ ಎಂದು ಸಮಾಧಾನ ಹೇಳಿಕೊಂಡೆ.

ಮನೆಗೆ ಬಂದು ದೀಪ ಹಚ್ಚುವಷ್ಟರಲ್ಲಿ ಅತ್ತೆಯವರೂ ಬಂದರು. ಕಣ್ಣು ಕೆಂಪಗಿದ್ದವು. “ದಾರ್ಯಾಗ ಧೂಳು” ಎಂದರು. “ಹೊಲಿಗಿ ಹೆಂಗಾತು?” ಎಂದು ಕೇಳಿದರು.

“ಚೊಲೋ ಆತ್ರಿ.”

“ಹೂಂ” ಎಂದು ಪಾರುವಿನ ತಲೆ ಸವರಿ, “ನಾಳೆ ಸಾಲಿಗೆ ಲಗೂ ಏಳು” ಎಂದು ಒಳಗೆ ಹೋದರು. ಇಂಗ್ಲೆಂಡಿನ ನದಿಗಳ ಹೆಸರೆಲ್ಲ ಬಾಯಿಪಾಠವಿದ್ದ ನನಗೆ, ಹೋಗಿ ಬರಲು ಎರಡು ದಿನ ಬೇಕಾದ ಕುರುಗೋಡಿನಿಂದ ಎತ್ತಿನ ಬಂಡಿ ಒಂದೇ ಹಗಲಿನಲ್ಲಿ ಹೇಗೆ ಹಿಂದಿರುಗಿತು ಎಂಬುದು ಆಗಲೂ ಹೊಳೆಯಲಿಲ್ಲ.

ಆಗ ಬಸಮ್ಮ ಕಂಕುಳಲ್ಲಿ ಗಂಟು ಹಿಡಿದು ಹೊಸ್ತಿಲಿಗೆ ಬಂದರು.

“ತಗೋ ತಂಗಿ, ನಿಮ್ಮತ್ತಿಯವ್ರು ಕೊಟ್ಟ ಸೀರಿ. ನಮ್ಮ ಮನಿಯವ್ರು ಹೊಳ್ಳಾಡಿ ಅತ್ತು ಅಂಚೆಲ್ಲ ಮಣ್ಣ ಮಾಡ್ಯಾರ. ಅಲ್ಲಾ, ನಿಮ್ಮತ್ತಿ ನಿನ್ನ ಬೆನ್ನ ಹಿಂದನ ಕುಂತು ಆ ಪರಿ ಅತ್ರು. ನೀ ಒಮ್ಮೆ ತಿರುಗಿ ಒಂದು ಕೈವಸ್ತ್ರ ಕೊಡಬಾರದಿತ್ತೇನು?”