ಡಬ್ಬಿಯಲ್ಲಿ ಕೂತ ಸಕ್ಕರೆ ಗಿಳಿಗಳು

ಕೂಸು ಮಸ್ಕತ್ತಿನಲ್ಲಿ, ಕೂಸಿನ ಚಿಂತೆ ಚಿನ್ನದ ಗಣಿಯ ಊರಿಗಾಂನಲ್ಲಿ. ಹೀಗಿದ್ದ ಮೇಲೆ ನಮ್ಮ ಮನೆಯಲ್ಲಿ ವಾರಕ್ಕೊಂದು ಎಡವಟ್ಟು ಆಗದೆ ಇರುತ್ತದೆಯೇ? ಮಗಳು ಅಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸು, ಅಳಿಯನಿಗೂ ಅಲ್ಲೇ ಕೆಲಸ. ನಾನು ಅಂಗನವಾಡಿ ಟೀಚರು. ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳ ಎಷ್ಟೋ ಮಕ್ಕಳು ನನ್ನ ತಕ್ಕಡಿಯಲ್ಲಿ ತೂಗಿಸಿಕೊಂಡೇ ದೊಡ್ಡವರಾದವರು. ನನ್ನ ಒಬ್ಬಳೇ ಮೊಮ್ಮಗಳನ್ನು ಮಾತ್ರ ಫೋನಿನಲ್ಲಿ ನೋಡಿ ಕಣ್ಣಲ್ಲೇ ತೂಗಬೇಕು.

ನಮ್ಮತ್ತೆ ತೆಲುಗು ಮನೆಯವರು. ಮಗು ಬೋರಲು ಬಿದ್ದರೆ ಒಬ್ಬಟ್ಟು, ಹೆಜ್ಜೆ ಇಟ್ಟರೆ ಕಜ್ಜಾಯ, ಮಾತಾಡಿದರೆ ಸಕ್ಕರೆ ಅಚ್ಚಿನ ಗಿಳಿ ಹಂಚಬೇಕು ಅನ್ನುವುದು ಅವರ ಕಟ್ಟಳೆ. ಅತ್ತೆ ಹೋದರು, ಕಟ್ಟಳೆ ನನ್ನ ತಲೆ ಮೇಲೆ ಉಳಿಯಿತು.

ಬೋರಲು ಬಿದ್ದದ್ದು

ಐದು ತಿಂಗಳು ತುಂಬಿದರೂ ಕೂಸು ಬೋರಲು ಬೀಳಲಿಲ್ಲ. ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಕೂಸು ಕಾಲು ಬಡಿಯುತ್ತಿತ್ತು. ಇದ್ದಕ್ಕಿದ್ದಂತೆ ತೆರೆ ಕಪ್ಪಾಯಿತು. "ಅಯ್ಯೋ, ಬೋರಲು ಬಿತ್ತಮ್ಮಾ!" ಅಂತ ಮಗಳ ದನಿ. ಫೋನ್ ಕಟ್.

ಅಂಗನವಾಡಿಗೆ ರಜೆ ಹಾಕಿ, ಬೇಳೆ ಬೇಯಿಸಿ, ಹೂರಣ ರುಬ್ಬಿ, ಇಡೀ ಲೈನಿಗೆ ಒಬ್ಬಟ್ಟು ಹಂಚಿದೆ. ಪಕ್ಕದ ಮನೆಯ ತಮಿಳು ಅಕ್ಕ ಎರಡು ಸಲ ಕೇಳಿ ಹಾಕಿಸಿಕೊಂಡರು. ಸಂಜೆ ಮಗಳು ಮತ್ತೆ ಫೋನ್ ಮಾಡಿದಳು.

"ಕೂಸು ಈಗ್ಲೂ ಬೋರಲು ಬೀಳ್ತೈತೇನೇ?" ಅಂದೆ.

"ಕೂಸೆಲ್ಲಿ ಬಿತ್ತಮ್ಮಾ? ಬಿದ್ದಿದ್ದು ಫೋನು!"

ತಮಿಳು ಅಕ್ಕ ಸಮಾಧಾನ ಮಾಡಿದರು: "ಪರವಾಗಿಲ್ಲ ಟೀಚರ್, ಫೋನು ಎಜ್ಜೆ ಇಟ್ಟಾಗ್ಲೂ ಏಳಿ ಕಳ್ಸಿ."

ಹೆಜ್ಜೆ

ಮೊದಲ ಹೆಜ್ಜೆಯನ್ನು ಕಜ್ಜಾಯದ ಮೇಲೆ ಇಡಿಸಬೇಕು. "ಇಲ್ಲಿ ಕಜ್ಜಾಯ ಎಲ್ಲಿಂದ ತರ್ಲಮ್ಮಾ? ಖುಬೂಸ್ ಐತೆ" ಅಂದಳು ಮಗಳು. ಖುಬೂಸ್ ಅಂದರೆ ಅಲ್ಲಿನ ರೊಟ್ಟಿ. ಆಗಲಿ, ದೇಶಕ್ಕೆ ತಕ್ಕ ವೇಷ ಅಂದುಕೊಂಡೆ. ಆದರೂ ಮನಸ್ಸು ಕೇಳದೆ ಇಲ್ಲೊಂದು ತಟ್ಟೆ ಕಜ್ಜಾಯ ಮಾಡಿ ಫೋನಿನ ಮುಂದಿಟ್ಟೆ.

ಕೂಸು ತಟ್ಟಾಡುತ್ತಾ ಎದ್ದು ನಿಂತಿತು. ರೊಟ್ಟಿಯ ಮೇಲೆ ಕಾಲಿಟ್ಟಿತು. ಕುಕ್ಕರಿಸಿತು. ಕಾಲಡಿಯ ರೊಟ್ಟಿ ಎತ್ತಿಕೊಂಡು ತಿನ್ನತೊಡಗಿತು.

"ಬಿಡಿಸೇ! ತುಳಿದಿದ್ದನ್ನ ಅಕ್ಕಪಕ್ಕದೋರಿಗೆ ಅಂಚಬೇಕು!" ಅಂತ ನಾನು ಇಲ್ಲಿಂದ ಕೂಗಿಕೊಂಡೆ. ಅಷ್ಟರಲ್ಲಿ ರೊಟ್ಟಿ ಮುಗಿದಿತ್ತು. ಇತ್ತ ತಿರುಗಿದರೆ ನನ್ನ ಕಜ್ಜಾಯದ ತಟ್ಟೆಯೂ ಖಾಲಿ. ನಮ್ಮ ಯಜಮಾನರು ಬಾಯಿ ಒರೆಸಿಕೊಳ್ಳುತ್ತಿದ್ದರು.

"ಎಜ್ಜೆ ಅಲ್ಲಿ ಬಿತ್ತಲ್ಲ ಕಣೇ, ಕಜ್ಜಾಯ ಇಲ್ಲಿ ಕಾಯ್ಕೊಂಡು ಏನ್ಮಾಡ್ತೈತೆ?"

ಟೀಚರಿಗೆ ಪಾಠ

ಇನ್ನು ಉಳಿದದ್ದು ಮಾತು. ರಾಬರ್ಟ್‌ಸನ್‌ಪೇಟೆಯಿಂದ ಸಕ್ಕರೆ ಗಿಳಿಗಳನ್ನು ತಂದು ಡಬ್ಬಿಯಲ್ಲಿ ಮುಚ್ಚಿಟ್ಟೆ. ಕೂಸಿಗೆ ಒಂದೂವರೆ ವರ್ಷವಾಯಿತು, ಎರಡು ಹತ್ತಿರ ಬಂತು. 'ಅಮ್ಮ' ಅನ್ನಲಿಲ್ಲ, 'ಅಪ್ಪ' ಅನ್ನಲಿಲ್ಲ. ಮೊದಲ ಗಿಳಿಗಳನ್ನು ಇರುವೆ ತಿಂದವು. ಮತ್ತೆ ತಂದೆ.

ನಿಜ ಹೇಳುತ್ತೇನೆ, ಹೆದರಿಕೆಯಾಗಿತ್ತು. ನಮ್ಮ ಯಜಮಾನರು ಗಣಿ ಮುಚ್ಚುವವರೆಗೂ ನೆಲದಡಿ ಡ್ರಿಲ್ ಮೆಷಿನ್ ಹಿಡಿದವರು, ಅವರಿಗೆ ಕಿವಿ ಮಂದ. ತಾತನ ಕಿವಿಯೇ ಮೊಮ್ಮಗಳಿಗೂ ಬಂದಿದ್ದರೆ?

"ಲೇ, ಈ ಕಿವಿ ನಂಗೆ ಗಣಿ ಕೊಟ್ಟಿದ್ದು, ನಮ್ಮಪ್ಪ ಕೊಟ್ಟಿದ್ದಲ್ಲ" ಅಂತ ಅವರು ರೇಗಿದರು. ಅಲ್ಲಿ ಡಾಕ್ಟರೂ ಪರೀಕ್ಷೆ ಮಾಡಿ, ಕಿವಿ ಚೆನ್ನಾಗಿದೆ, ಸ್ವಲ್ಪ ಕಾಯಿರಿ ಅಂದರಂತೆ. ಕಾಯುವ ಜೀವವೇ ನನ್ನದು? ಅಂಗನವಾಡಿಗೆ ಬರುವ ತಾಯಂದಿರ ಮುಂದೆಲ್ಲ ಗೋಳಾಡಿದೆ.

ಒಬ್ಬಳು ಕೇಳಿಯೇಬಿಟ್ಟಳು: "ನೀವೇ ಏಳಿದ್ರಲ್ಲ ಟೀಚರ್, ಒಂದೊಂದು ಮಗೂಗೆ ಒಂದೊಂದು ಟೈಮು, ಗಾಬರಿ ಬೀಳಬಾರ್ದು ಅಂತ?"

"ಅದು ನಿಮ್ಮ ಮಕ್ಕಳಿಗೆ ಕಣಮ್ಮಾ, ನಮ್ಮ ಕೂಸಿಗಲ್ಲ!"

ಅಲೋ

ಮೊನ್ನೆ ಎಲ್ಲರೂ ರಜೆಗೆ ಬಂದರು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕೂಸನ್ನು ಮೊದಲ ಸಲ ಎತ್ತಿಕೊಂಡೆ. ಫೋನಿನಲ್ಲಿ ತೂಗಿದ್ದಕ್ಕಿಂತ ಭಾರವಿತ್ತು. ನನ್ನನ್ನು ನೋಡಿತು, ಫೋನಿನ ತೆರೆ ಸರಿಸುವ ಹಾಗೆ ಕೆನ್ನೆಯ ಮೇಲೆ ಬೆರಳಿಟ್ಟು ಮೇಲಕ್ಕೆ ಸವರಿತು. ನಾನು ಜರುಗಲಿಲ್ಲ. ಆಟೋದಲ್ಲಿ ದಾರಿಯುದ್ದಕ್ಕೂ "ಅಜ್ಜಿ ಅನ್ನು, ಅಜ್ಜಿ ಅನ್ನು" ಅಂತ ಬೇಡಿಕೊಂಡೆ. ತುಟಿ ಬಿಚ್ಚಲಿಲ್ಲ.

ಮನೆಯಲ್ಲಿ ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಎರಡು ವರ್ಷದಿಂದ ಅವರು ಫೋನಿನಲ್ಲಿ ಆಡುವುದು ಒಂದೇ ಮಾತು. ಫೋನನ್ನು ಮೂಗಿನ ಹತ್ತಿರ ಹಿಡಿದು, ಲೈನೆಲ್ಲ ಎದ್ದು ಕೂರುವ ಹಾಗೆ "ಅಲೋ! ಕೇಳಿಸ್ತೈತಾ?" ಅನ್ನುವುದು. ಕೇಳಿಸಿತು ಅಂದರೂ ಅವರಿಗೆ ಕೇಳಿಸುವುದಿಲ್ಲ. ಮತ್ತೆ ಅದೇ ಕೂಗು.

ಕೂಸು ನನ್ನ ಕೈಯಿಂದ ಜಾರಿ ಇಳಿಯಿತು. ಸೀದಾ ತಾತನ ಹತ್ತಿರ ನಡೆಯಿತು. ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಮೂಗು ತಾಗಿಸಿತು. ಆಮೇಲೆ ಹೊಟ್ಟೆಯಾಳದಿಂದ ಕೂಗಿತು:

"ಅಲೋ! ಕೇಲ್ತೈತಾ?"

ಮಗಳ ಕೈಲಿದ್ದ ಬ್ಯಾಗು ಬಿತ್ತು. ನಾನು ಅಳುತ್ತಾ ನಗುತ್ತಾ ಡಬ್ಬಿ ತರಲು ಒಳಗೆ ಓಡಿದೆ. ಲೈನಿನ ಜನವೆಲ್ಲ ಕೇಳಿಸಿಕೊಂಡು ಬಾಗಿಲಿಗೆ ಬಂದರು. ತಮಿಳು ಅಕ್ಕ ಆಗಲೇ ಗಿಳಿಗೆ ಕೈ ಚಾಚಿದ್ದರು.

ಯಜಮಾನರು ಮಾತ್ರ ಕಿವಿಗೆ ಕೈ ಕೊಟ್ಟು ನನ್ನ ಕಡೆ ತಿರುಗಿದರು: "ಏನಂತೆ ಕಣೇ, ಕೂಸು ಇನ್ನೂ ಮಾತೇ ಆಡಲ್ವಾ?"