ಮೀನೆಣ್ಣೆ ಹಚ್ಚಿದ ಸ್ಪೋರ್ಟ್ಸ್ ಕಾರು

ನನಗೆ ಜಂಬ ಇದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಾಲ್ಕು ಸಾಲು ಓದುವಷ್ಟರಲ್ಲಿ ನೀವೇ ಕಂಡುಹಿಡಿಯುತ್ತೀರಿ. ಜಂಬ ಯಾರಿಗಿಲ್ಲ? ಕೆಲವರಿಗೆ ಮಗಳ ಅಂಕಪಟ್ಟಿಯ ಜಂಬ, ಕೆಲವರಿಗೆ ಕೈಬಳೆಯದು. ನಮ್ಮ ಪಕ್ಕದ ಮನೆಯವರಿಗಂತೂ ತಮ್ಮ ಬಾವಿಯ ನೀರು ಬೇಸಿಗೆಯಲ್ಲೂ ಉಪ್ಪಾಗುವುದಿಲ್ಲ ಎಂಬ ಜಂಬ. ನನ್ನದು ಕಾರಿನ ಜಂಬ. ಹೊನ್ನಾವರದ ಬಂದರಿನ ದಾರಿಯಲ್ಲಿ ಬಲೆ, ಹಗ್ಗ, ಲಂಗರು, ಬೋಟಿನ ಮೊಳೆ ಮಾರುವ ಅಂಗಡಿ ಇಟ್ಟುಕೊಂಡಿರುವ, ಐವತ್ತೈದು ದಾಟಿದ, ಮಂಡಿನೋವಿನ ಹೆಂಗಸಾದ ನಾನು ಒಂದು ವಿಂಟೇಜ್ ಸ್ಪೋರ್ಟ್ಸ್ ಕಾರಿನ ಒಡತಿ. ಎರಡೇ ಸೀಟು, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಮಾಡು, ಕಡುಹಸಿರು ಬಣ್ಣ. ವಿಲಾಯತಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಯೌವನ ಕಳೆದು, ಭಟ್ಕಳದಲ್ಲಿ ನಿವೃತ್ತಿ ಹೊಂದಿ, ಕೊನೆಗೆ ನನ್ನ ಕೈಗೆ ಸಿಕ್ಕಿದ ಗಾಡಿ. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡದು. ಬೆಳಿಗ್ಗೆ ಎದ್ದಾಗ ನನಗಿಂತ ಬೇಗ ಸ್ಟಾರ್ಟ್ ಆಗುತ್ತದೆ.

ಪೆಟ್ರೋಲ್ ಬಂಕಿಗೆ ಹೋದರೆ ಸ್ಟೇರಿಂಗ್ ಹಿಡಿದವಳು ನಾನಾದರೂ ಜನ ಮಾತಾಡಿಸುವುದು ಪಕ್ಕದಲ್ಲಿ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕುಳಿತ ನನ್ನ ಯಜಮಾನರನ್ನು. "ಸಾರ್, ಮೈಲೇಜ್ ಎಷ್ಟ್ ಬತ್ತದೆ ಸಾರ್?" ಅವರು ಪಾಪ, ಸಹಕಾರಿ ಸಂಘದಲ್ಲಿ ಇಡೀ ಜೀವನ ಜಾಗ್ರತೆಯಿಂದ ಕೆಲಸ ಮಾಡಿ ನಿವೃತ್ತರಾದವರು, ಸುಳ್ಳು ಹೇಳಿ ಗೊತ್ತಿಲ್ಲ. ಬೆರಳಿನಿಂದ ನನ್ನನ್ನು ತೋರಿಸುತ್ತಾರೆ. ಕೇಳಿದವನು ಒಮ್ಮೆ ನನ್ನನ್ನು, ಒಮ್ಮೆ ಕಾರನ್ನು ನೋಡಿ, ಏನೋ ಹೊಂದುತ್ತಿಲ್ಲ ಎಂಬ ಮುಖ ಮಾಡಿಕೊಂಡು ಹೋಗುತ್ತಾನೆ. ಆ ಮುಖ ನೋಡುವುದಕ್ಕೆಂದೇ ನಾನು ಟ್ಯಾಂಕನ್ನು ಯಾವತ್ತೂ ಪೂರ್ತಿ ತುಂಬಿಸುವುದಿಲ್ಲ.

ಇದನ್ನು ಕೊಂಡದ್ದು ಹೇಗೆಂದರೆ, ನಾವು ಭಟ್ಕಳಕ್ಕೆ ಹೋದದ್ದು ಅಂಗಡಿಗೆ ಬೋಟಿನ ಹಗ್ಗ ಎಳೆಯುವ ರಾಟೆ ತರುವುದಕ್ಕೆ. ಒಂದು ಕಾಲಕ್ಕೆ ಸರಕಿನ ಮಚವೆ ಹಡಗು ಓಡಿಸುತ್ತಿದ್ದ ವಯಸ್ಸಾದ ಸಾಹೇಬರೊಬ್ಬರ ಮನೆಯಲ್ಲಿ ಹಿತ್ತಾಳೆಯ ಹಳೆ ರಾಟೆಗಳಿವೆ, ಮಾರುತ್ತಾರಂತೆ ಎಂದು ಯಾರೋ ಹೇಳಿದ್ದರು. ಅಂಗಳದ ಮೂಲೆಯಲ್ಲಿ ತಾಡಪಾಲಿನ ಕೆಳಗೆ ಏನೋ ಉದ್ದಕ್ಕೆ ಮಲಗಿತ್ತು, ಅದರ ಮೇಲೆ ಒಂದು ಕೋಳಿ ಕುಳಿತಿತ್ತು.

"ಅದು ಎಂತ ಸಾಹೇಬ್ರೇ?" ಎಂದೆ.

"ಅದು ನನ್ನ ಜವಾನಿ, ಅಮ್ಮಾ. ನನ್ನ ಹರೆಯ," ಎಂದರು ಅವರು.

ತಾಡಪಾಲು ಎತ್ತಿ ತೋರಿಸಿದರು. ಧೂಳಿನ ಕೆಳಗೆ ಹಸಿರು ಮಿಂಚಿತು, ನನ್ನ ಬುದ್ಧಿ ಅಲ್ಲಿಗೆ ಮುಗಿಯಿತು. "ಮೊಮ್ಮಕ್ಕಳನ್ನು ಕೂರಿಸಿದ್ರೆ ಏಸಿ ಎಲ್ಲಿ ಅಂತ ಕೇಳ್ತಾರೆ. ನೀವು ತಗೊಳ್ಳಿ. ಒಂದೇ ಶರ್ತು, ನಿಲ್ಲಿಸಿ ಇಡಬೇಡಿ, ಓಡಿಸಿ," ಎಂದರು ಸಾಹೇಬರು. ಆಗ ಅದಕ್ಕೆ ಕೇಳಿದ ಬೆಲೆ ಒಂದು ಒಳ್ಳೆಯ ಬಲೆಯ ಬೆಲೆ, ಅಷ್ಟೆ. ಕಾರನ್ನು ಆಮೇಲೆ ತರಿಸಿಕೊಳ್ಳುವುದೆಂದು ಮುಂಗಡ ಕೊಟ್ಟೆ. ವಾಪಸು ಬಸ್ಸಿನಲ್ಲಿ ಯಜಮಾನರು ಮುರ್ಡೇಶ್ವರ ಬರುವವರೆಗೂ ಬೆರಳು ಮಡಚಿ ಲೆಕ್ಕ ಹಾಕಿದರು. ಅಲ್ಲಿ ಬಸ್ಸು ನಿಂತಾಗ ಮೆಲ್ಲಗೆ ಕೇಳಿದರು, "ರಾಟೆ ಎಲ್ಲಿ?" ರಾಟೆ ಮರೆತೇ ಹೋಗಿತ್ತು.

ಸ್ಪೋರ್ಟ್ಸ್ ಕಾರನ್ನು ಇಟ್ಟುಕೊಳ್ಳುವುದು ಎಂದರೆ ಏನು ಎಂದು ಕೊಂಡ ಮೇಲೆ ತಿಳಿಯಿತು. ಮೊದಲನೆಯದಾಗಿ ಅದು ನೆಲಕ್ಕೆ ತಾಗಿಕೊಂಡಿದೆ. ಹೆದ್ದಾರಿಯಲ್ಲಿ ಹೋಗುವಾಗ ನನಗೆ ಕಾಣುವುದು ಲಾರಿಯ ಗಾಲಿ, ಬಸ್ಸಿನ ಗಾಲಿ, ಮತ್ತು ನನ್ನ ಮುಖದ ಎತ್ತರಕ್ಕೆ ಸರಿಯಾಗಿ ನಿಂತು ನೋಡುವ ನಾಯಿಗಳು. ಸೀರೆ ಉಟ್ಟು ಅದರೊಳಗೆ ಇಳಿಯಬಹುದು, ಮೇಲೆ ಬರಲು ಇಬ್ಬರು ಬೇಕು. ಎರಡನೆಯದಾಗಿ ಸೀಟು ಎರಡೇ. ಪೂಜೆ ಮಾಡಿಸಲು ಇಡಗುಂಜಿಗೆ ಹೊರಟ ದಿನ ಅಮ್ಮ ಪಕ್ಕದಲ್ಲಿ ಕುಳಿತಳು, ಯಜಮಾನರು ಟೆಂಪೋ ಹತ್ತಿದರು. ನಾವು ರಸ್ತೆಯ ಪ್ರತಿ ಹಂಪಿನ ಮುಂದೆ ನಿಂತು, ಓರೆಯಾಗಿ ಒಂದೊಂದೇ ಗಾಲಿ ದಾಟಿಸಿ, ಕೊನೆಗೂ ದೇವಸ್ಥಾನ ಮುಟ್ಟುವಷ್ಟರಲ್ಲಿ ಅವರು ದರ್ಶನ ಮುಗಿಸಿ, ಪ್ರಸಾದ ತಿಂದು, ಕಟ್ಟೆಯ ಮೇಲೆ ಒಂದು ನಿದ್ದೆಯನ್ನೂ ಮಾಡಿದ್ದರು. ಸ್ಪೋರ್ಟ್ಸ್ ಎಂಬ ಪದವನ್ನು ಅವರು ಅಂದಿನಿಂದ ಸ್ವಲ್ಪ ಎಳೆದು ಉಚ್ಚರಿಸುತ್ತಾರೆ.

ಮೂರನೆಯದು ತುಕ್ಕು. ಕಡಲ ಗಾಳಿಗೆ ನಮ್ಮಲ್ಲಿ ಕಿಟಕಿಯ ಸರಳು ಮೂರು ವರ್ಷ ತಡೆದರೆ ಹೆಚ್ಚು. ಬೇರೆ ಊರಿನವರು ಇಂಥ ಕಾರಿಗೆ ಏನೇನೋ ಡಬ್ಬಿಯ ಲೇಪ ಹಚ್ಚುತ್ತಾರಂತೆ. ನನಗೆ ಗೊತ್ತಿದ್ದದ್ದು ದೋಣಿಯ ರೀತಿ. ಮಳೆಗಾಲಕ್ಕೆ ಮೊದಲು ದೋಣಿಯನ್ನು ದಡಕ್ಕೆ ಎಳೆದು, ಮರದ ದಿಮ್ಮಿಯ ಮೇಲೆ ಕೂರಿಸಿ, ತಳಕ್ಕೆ ಮೀನೆಣ್ಣೆ ಬಳಿದು, ಮೇಲೆ ತೆಂಗಿನ ಮಡಲಿನ ಚಪ್ಪರ ಕಟ್ಟಿಬಿಟ್ಟರೆ ಮುಗಿಯಿತು. ದೋಣಿಗೆ ಎಣ್ಣೆ ಬಳಿಯುವುದರಲ್ಲಿ ಪಳಗಿದ ಜಟ್ಟಣ್ಣನನ್ನು ಕರೆಸಿದೆ. ಅವನು ಕಾರಿನ ಸುತ್ತ ಎರಡು ಸುತ್ತು ಬಂದು, "ಅಕ್ಕಾ, ಇದರ ಮುಂದಿನ ಬದಿ ಯಾವ್ದು?" ಎಂದು ಕೇಳಿದ. ತೋರಿಸಿದೆ. "ಆತು," ಎಂದವನೇ ಕೆಳಗೆ ನುಸುಳಿ, ತಾರ್ಲೆ ಮೀನಿನ ಎಣ್ಣೆಯನ್ನು ಕೈ ತಡೆಯದೆ ಬಳಿದ. ಸಂದಿಗೊಂದಿ ಒಂದನ್ನೂ ಬಿಡಲಿಲ್ಲ. ಮೂರು ತಿಂಗಳು ಕಾರು ದಿಮ್ಮಿಯ ಮೇಲೆ ಕುಳಿತು, ನೂಲಹುಣ್ಣಿಮೆಯಲ್ಲಿ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ ದೋಣಿಗಳ ಜೊತೆ ಅದೂ ಕೆಳಗಿಳಿಯಿತು.

ತುಕ್ಕು ಬರಲಿಲ್ಲ. ಬಂದದ್ದು ಬೆಕ್ಕುಗಳು. ಎಲ್ಲಿ ನಿಲ್ಲಿಸಿದರೂ ಐದು ನಿಮಿಷದಲ್ಲಿ ನಾಲ್ಕಾರು ಬೆಕ್ಕುಗಳು ಕೆಳಗೆ ಸೇರಿ ಮೇಲಕ್ಕೆ ನೋಡುತ್ತ ಕೂರುತ್ತಿದ್ದವು. ಆ ವಾಸನೆ ಇಂಜಿನ್ನು ಬಿಸಿಯಾದಷ್ಟೂ ಏರುತ್ತಿತ್ತು. ಸೋಪು ಹಾಕಿದೆ, ಊದುಬತ್ತಿ ಹಚ್ಚಿದೆ, ಸೀಟಿನ ಕೆಳಗೆ ಲಾವಂಚ ಇಟ್ಟೆ, ಯಾವುದಕ್ಕೂ ಅದು ಜಗ್ಗಲಿಲ್ಲ. ಇಷ್ಟು ಚೆಂದದ ಕಾರನ್ನು ಕೈಯಾರೆ ಕೆಡಿಸಿದೆನಲ್ಲ ಎಂದು ಜಗಲಿಯ ಮೇಲೆ ಕುಳಿತು ಅತ್ತದ್ದೂ ಉಂಟು.

ಆಗ ಅಮ್ಮ ಬಂದಳು. ನನ್ನ ಅಮ್ಮ ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದವಳು. ಬುಟ್ಟಿ ಕಂಡರೆ ಎಷ್ಟೋ ಬಸ್ಸುಗಳು ನಿಲ್ಲುತ್ತಿರಲಿಲ್ಲ. ನಿಂತರೂ "ಹಿಂದೆ ಹೋಗು, ವಾಸ್ನೆ," ಎಂದು ಗದರುತ್ತಿದ್ದರು. ಟಿಕೆಟ್ಟು ಪೂರ್ತಿ, ಕೂರುವುದು ಹಿಂದಿನ ಮೆಟ್ಟಿಲ ಹತ್ತಿರ. ಚಿಕ್ಕವಳಿದ್ದಾಗ ನಾನು ಅವಳ ಜೊತೆ ಹೋಗಲು ನಾಚುತ್ತಿದ್ದೆ, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಅಂಥ ಅಮ್ಮ ಕಾರಿನ ಹತ್ತಿರ ಬಂದು, ಮೂಗು ಅರಳಿಸಿ ಒಮ್ಮೆ ಉಸಿರೆಳೆದು, "ಈಗ ನಮ್ಮನೆ ಕಾರ್ ಆತು ನೋಡು," ಎಂದಳು. ಒಣ ಮೀನಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಹತ್ತಿ ಕುಳಿತೇ ಬಿಟ್ಟಳು. ಮಾಡು ಮಡಚಿ ಕುಮಟೆಯ ಕಡೆ ಹೊರಟೆವು. ಧಾರೇಶ್ವರದ ಹತ್ತಿರ ಬಸ್ಸಿಗೆ ಕಾಯುವ ಜನ ಕಂಡದ್ದೇ ಅಮ್ಮ ನನ್ನ ತೋಳು ತಿವಿದಳು.

"ಹಾರ್ನ್ ಹೊಡಿ ಮಗಾ."

"ಅಡ್ಡ ಯಾರೂ ಇಲ್ವಲ್ಲ ಅಮ್ಮ?"

"ಅಡ್ಡ ಇದ್ದವ್ರಿಗಲ್ಲ. ನೋಡ್ಲಿ ಅಂತ."

ಹೊಡೆದೆ. ಕುಮಟೆಯವರೆಗೂ ಹೊಡೆದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ಯಜಮಾನರಿಗೆ ಹೇಳಿಲ್ಲ. ಅಂದಿನಿಂದ ಪ್ರತಿ ವರ್ಷವೂ ತಪ್ಪದೆ ಮೀನೆಣ್ಣೆ.

ಹೀಗಿರುವಾಗ ಹಳೆ ಕಾರುಗಳ ಪೇಟೆ ಏರತೊಡಗಿತು. ಮೊದಲು ಕಂಡದ್ದು ಯಜಮಾನರಿಗೇ, ಮೊಬೈಲಿನಲ್ಲಿ. ನಮ್ಮದರಂಥದ್ದೇ ಒಂದು ಕಾರು ಮುಂಬಯಿಯಲ್ಲಿ ಮಾರಾಟವಾದ ಬೆಲೆ ನೋಡಿ ಅವರು ಕನ್ನಡಕ ಒರೆಸಿ ಮತ್ತೆ ನೋಡಿದರು. ನಾವು ಒಂದು ಬಲೆಯ ಬೆಲೆಗೆ ತಂದಂಥ ಕಾರು ಈಗ ಬಲೆ, ಇಂಜಿನ್ನು ಸಮೇತ ಒಂದು ದೊಡ್ಡ ಬೋಟಿನ ಬೆಲೆಗೆ ಹೋಗಿತ್ತು. "ಈಗ್ಲೇ ಕೊಟ್ಬಿಡು. ನಾಳೆ ಇಳಿದ್ರೆ ಎಂತ ಮಾಡ್ತೆ?" ಎಂಬುದು ನಮ್ಮ ಮನೆಯ ಸುಪ್ರಭಾತವಾಯಿತು. ಅವರ ಆಸೆ ದೊಡ್ಡದೇನಲ್ಲ. ಮಂಡಿ ಗದ್ದಕ್ಕೆ ತಾಗದ ನಾಲ್ಕು ಬಾಗಿಲಿನ ಒಂದು ಕಾರು, ಸೋರುವ ಅಡಿಗೆಮನೆಗೆ ಹೊಸ ಮಾಡು. ನ್ಯಾಯವಾದ ಆಸೆಯೇ. ಅದಕ್ಕೇ, ಹುಬ್ಬಳ್ಳಿಯಿಂದ ಹೋಗಿ ಪುಣೆಯಲ್ಲಿ ಹಳೆ ಕಾರುಗಳ ವ್ಯಾಪಾರಕ್ಕೆ ನಿಂತವರೊಬ್ಬರು ನೋಡಲು ಬರುತ್ತೇನೆಂದಾಗ ಬೇಡ ಎನ್ನಲಿಲ್ಲ.

ಬಿಳಿ ಅಂಗಿ ಹಾಕಿಕೊಂಡು ಬಂದರು. ಕೈಯಲ್ಲಿ ಟಾರ್ಚು, ಒಂದು ಆಯಸ್ಕಾಂತ. ಚಾಪೆ ಹಾಸಿಕೊಂಡು ಕಾರಿನ ಕೆಳಗೆ ನುಸುಳಿದರು. ಹಿಂದೆಯೇ ಮೂರು ಬೆಕ್ಕುಗಳು ನುಸುಳಿದವು. "ಏನ್ರೀ ಇದು, ನನ್ನ ಕಾಲು ನೆಕ್ಕಾಕತ್ತಾವಲ್ರೀ!" ಎಂಬ ಕೂಗು ಕೇಳಿತು. ಆಮೇಲೆ ಆಯಸ್ಕಾಂತ ತಳಕ್ಕೆ ಟಕ್ ಟಕ್ ಎಂದು ಅಂಟುವ ಸದ್ದು. ಹೊರಗೆ ಬಂದಾಗ ಅಂಗಿ ಬಿಳಿಯಾಗಿ ಉಳಿದಿರಲಿಲ್ಲ, ಮುಖ ಮಾತ್ರ ಬೆಳಗುತ್ತಿತ್ತು.

"ಸಮುದ್ರದ ಬಾಜೂಕ ಇಟ್ಟ ಗಾಡಿ ಭಾಳ ನೋಡೇನ್ರೀ ಮೇಡಂ. ತಳ ಎಲ್ಲಾ ಹಪ್ಪಳ ಆಗಿರ್ತೈತಿ. ಇದು ಹೊಸಾ ತಾಟಿನಂಗ ಐತಿ. ಏನ್ ಹಚ್ಚೀರಿ?"

ಹೇಳಿದೆ. ಹೇಳುವಾಗ ನನ್ನ ಎದೆ ಎರಡು ಅಂಗುಲ ಉಬ್ಬಿತ್ತು. ಅವರು ಬೆಲೆ ಹೇಳಿದರು. ಯಜಮಾನರು ನಿಂತಲ್ಲೇ ಕುಳಿತರು, ಪುಣ್ಯಕ್ಕೆ ಹಿಂದೆ ಜಗಲಿ ಇತ್ತು. ನನಗೂ ಆಸೆಯಾಯಿತು. ಜಂಬ ಬೇರೆ, ಸುಳ್ಳು ಬೇರೆ. ಅಡಿಗೆಮನೆಯ ಮಾಡು ಕಣ್ಣ ಮುಂದೆ ಬಂತು, ಯಜಮಾನರ ಮಂಡಿಗಳೂ ಬಂದವು. "ಆತು" ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು.

ಅಷ್ಟರಲ್ಲಿ ಅವರೇ ಮುಂದುವರಿಸಿದರು. "ಒಂದ ಮಾತ್ರೀ. ಈ ವಾಸನಿಗೆ ರೇಟ್ ಸ್ವಲ್ಪ ಕಡಿಮಿ ಮಾಡ್ಕೋಬೇಕಾಗ್ತೈತಿ. ಪುಣೇಕ್ಕ ಒಯ್ದು ಪೂರಾ ಬಿಚ್ಚಿ ತೊಳಸ್ಬೇಕು. ಇಂಥಾ ವಾಸನಿ ಇದ್ರ ದೊಡ್ಡ ಮಂದಿ ಒಳಗ ಕೂಡೂದಿಲ್ಲ."

ಜಗಲಿಯ ಆ ತುದಿಯಲ್ಲಿ ಅಮ್ಮ ಒಣ ಶೆಟ್ಲಿಯ, ಎಂದರೆ ಸಿಗಡಿಯ, ತಲೆ ಮುರಿಯುತ್ತ ಕುಳಿತಿದ್ದಳು. ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ, ಕೈ ಮಾತ್ರ ನಿಂತಿತು.

"ಕೊಡೂದಿಲ್ಲ," ಎಂದೆ.

ಚೌಕಾಸಿ ಎಂದುಕೊಂಡು ಅವರು ವಾಸನೆಗೆ ಇಳಿಸಿದ್ದನ್ನು ಮತ್ತೆ ಸೇರಿಸಿದರು. ಆಮೇಲೆ ಅದರ ಮೇಲೂ ಏರಿಸಿದರು. "ವಾಸ್ನೆ ಆಗದವ್ರಿಗೆ ಈ ಕಾರು ಇಲ್ಲ," ಎಂದು ನಾನು ಇನ್ನೊಮ್ಮೆ ಹೇಳಿದೆ. ಧ್ವನಿ ನಡುಗುತ್ತಿತ್ತು, ಸಿಟ್ಟಿಗೋ ಹೋಗುವ ಹಣಕ್ಕೋ ದೇವರಿಗೇ ಗೊತ್ತು. ಯಜಮಾನರು ಈಗ ಏನನ್ನುತ್ತಾರೋ ಎಂದು ಹೆದರಿ ತಿರುಗಿದರೆ, ಅವರು ಅಮ್ಮನ ಕೈಯನ್ನೇ ನೋಡುತ್ತಿದ್ದರು. "ಅವಳು ಇಲ್ಲ ಅಂದ್ರೆ ಇಲ್ಲ. ನೀವು ಚಾ ಕುಡೀರಿ," ಎಂದುಬಿಟ್ಟರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯನ ಮೇಲೆ ನನಗೆ ಅಷ್ಟು ಅಭಿಮಾನ ಬಂದದ್ದು ಅದೇ ಮೊದಲು. ಹೊರಡುವಾಗ ಅಮ್ಮ ಬಂದವರ ಕೈಗೆ ಒಂದು ಪೊಟ್ಟಣ ಒಣ ಶೆಟ್ಲಿ ಕೊಟ್ಟಳು. ಬೇಡವೆನ್ನಲಾಗದೆ ತೆಗೆದುಕೊಂಡು, ತಮ್ಮ ಏಸಿ ಕಾರಿನ ನಾಲ್ಕೂ ಗಾಜು ಇಳಿಸಿಕೊಂಡು ಹೋದರು.

ಸುದ್ದಿ ಬಂದರಿನ ತುಂಬ ಹಬ್ಬಿತು. ನಾನೂ ಸ್ವಲ್ಪ ಹಬ್ಬಿಸಿದೆ. ಗೋವಾದಿಂದ, ಕೊಲ್ಹಾಪುರದಿಂದ ಫೋನುಗಳು ಬರತೊಡಗಿದವು. ಬಲೆಯ ಗಿರಾಕಿಗಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ, "ಎಷ್ಟು ಕೊಟ್ರೂ ಮಾರೂದಿಲ್ಲ," ಎನ್ನುವುದು ನನ್ನ ದಿನಚರಿಯಾಯಿತು. ಹಾಗೆ ಹೇಳಿ ಫೋನು ಇಡುವಾಗಿನ ಸುಖ ಕಾರು ಓಡಿಸುವಾಗಲೂ ಇಲ್ಲ. ಅಡಿಗೆಮನೆ ಮಾತ್ರ ಸೋರುತ್ತಲೇ ಇದೆ, ಪಾತ್ರೆ ಇಟ್ಟುಕೊಂಡಿದ್ದೇವೆ.

ಆದರೆ ಈಚೆಗೆ ಫೋನು ನಿಂತಿತು. ಒಂದು ತಿಂಗಳು ಕಾದೆ, ಎರಡು ತಿಂಗಳು ಕಾದೆ. ಪೇಟೆ ಬಿದ್ದಿತೋ ಏನೋ ಎಂದು ಊಟ ಸೇರಲಿಲ್ಲ. ಯಜಮಾನರನ್ನು ಕೇಳಲು ಮಾನ ಬಿಡಲಿಲ್ಲ. ಕೊನೆಗೆ ಅಂಗಡಿಯ ಹಿಂದೆ ಹಗ್ಗದ ರಾಶಿಯ ಮರೆಗೆ ಹೋಗಿ ಪುಣೆಗೆ ನಾನೇ ಫೋನು ಹಚ್ಚಿದೆ.

"ನಮಸ್ಕಾರ್ರೀ ಮೇಡಂ! ಆ ಶೆಟ್ಲಿ ಭಾಳ ಛಲೋ ಇದ್ವು, ಮುಗದ್ವು. ಗಾಡಿ ಕೊಡೂ ವಿಚಾರ ಮಾಡೀರೇನು?"

"ಛೆ, ಮಾರುವ ಮಾತೇ ಇಲ್ಲ."

"ಮತ್ತ ಫೋನ್ ಯಾಕ ಮಾಡಿದ್ರಿ?"

ಅಂಗಡಿಯ ಕಡೆ ಒಮ್ಮೆ ಇಣುಕಿ ನೋಡಿ ಹೇಳಿದೆ. "ಅಲ್ಲ, ಈಗೀಗ ಯಾರೂ ಕೇಳೂದೇ ಇಲ್ಲ. ರೇಟು ಎಂತಾದ್ರೂ ಇಳೀತಾ ಹೇಳಿ..."

ಅವರು ನಕ್ಕರು. "ಇಳಿದಿಲ್ರೀ, ಇನ್ನೂ ಏರೇತಿ. ನೀವು ಕೊಡೂದಿಲ್ಲಂತ ಎಲ್ಲಾ ಮಂದಿಗೂ ಗೊತ್ತಾಗೇತಿ. ಅದಕ್ಕ ಕೇಳೂದು ಬಿಟ್ಟಾರ."

ಹಗ್ಗದ ರಾಶಿಯ ಮೇಲೆ ಕುಳಿತೆ. ಆಮೇಲೆ ಧ್ವನಿ ತಗ್ಗಿಸಿ ಕೇಳಿಕೊಂಡೆ:

"ಶೆಟ್ಲಿ ನಾ ಕಳಿಸ್ತೆ. ನೀವು ತಿಂಗ್ಳಿಗೆ ಒಂದ್ಸಲ ಫೋನ್ ಮಾಡಿ ಕೇಳ್ತಾ ಇರಿ ಮಾರಾಯ್ರೇ. ಬೆಳಿಗ್ಗೆ ಹತ್ತರ ಮೇಲೆ ಮಾಡಿ, ಆಗ ಅಂಗಡೀಲಿ ಜನ ಇರ್ತಾರೆ."