ಇಸ್ತ್ರಿ ಹಾಕಿದ್ದನ್ನೂ ಓಟವೆಂದು ಬರೆದುಕೊಂಡ ಕೈಗಡಿಯಾರಕ್ಕೆ

ಮಾನ್ಯ ಕೈಗಡಿಯಾರದವರೇ,

ಐದು ತಿಂಗಳಿಂದ ನನ್ನ ಬಲಗೈ ಮಣಿಕಟ್ಟಿನಲ್ಲಿ ಬಿಡಾರ ಹೂಡಿ, ನನ್ನ ಎದೆಬಡಿತ, ಹೆಜ್ಜೆ, ನಿದ್ದೆಗಳನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲ ತಮಗೆ, ಇಸ್ತ್ರಿ ಅಂಗಡಿಯ ಬಡಪಾಯಿಯಾದ ನಾನು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನನ್ನನ್ನು ಹೊಗಳಿ ಹೊಗಳಿ ಹಾಳುಮಾಡಿದ್ದೀರಿ.

ಹೋದ ವರ್ಷದ ಇಪ್ಪತ್ತೊಂದು ಕಿಲೋಮೀಟರ್ ಓಟದಲ್ಲಿ ನಾನು ಹನ್ನೆರಡಕ್ಕೇ ಕೈಚೆಲ್ಲಿ, ಬಸ್ಸು ಹತ್ತಿ ಮನೆ ಸೇರಿ ಕಾಲು ಚಾಚಿದ್ದೂ, ಕೊನೆಯ ಗೆರೆಯ ಬಳಿ ನೀರಿನ ಬಾಟಲಿ ಹಿಡಿದ ಮಗಳು ಶಾಮಿಯಾನ ಬಿಚ್ಚುವವರೆಗೂ ಕಾದಿದ್ದೂ ತಮಗೆ ತಿಳಿದಿರಲಿಕ್ಕಿಲ್ಲ. ಅವಳು ಬೈಯಲಿಲ್ಲ, ‘ಇರ್ಲಿ ಬಿಡಪ್ಪ’ ಎಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಈ ಸಲ ಗೆರೆ ದಾಟಲೇಬೇಕೆಂದು ಹಟ ತೊಟ್ಟೇ ತಮ್ಮನ್ನು ಕೊಂಡು ತಂದೆ.

ತಾವಾದರೋ, ಬೆಳಗ್ಗೆ ನಾನು ಎರಡು ಬೀದಿ ಓಡಿ ಏದುಸಿರು ಬಿಟ್ಟ ಕೂಡಲೇ ‘ವಿಶ್ರಾಂತಿ ಪಡೆಯಿರಿ’ ಎಂದು ಕಳಕಳಿ ತೋರಿದಿರಿ. ನಾನು ಚಾಚೂ ತಪ್ಪದೆ ಪಾಲಿಸಿದೆ. ಸಂಜೆಯಾಗುವಷ್ಟರಲ್ಲಿ ‘ಇಂದು ಹದಿನಾಲ್ಕು ಕಿಲೋಮೀಟರ್, ಅಭಿನಂದನೆಗಳು’ ಎಂದಿರಿ. ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಹೊಗಳಿಕೆಯ ಮೂಲ ಕೆದಕುವಷ್ಟು ದಡ್ಡ ನಾನಲ್ಲ. ಗಿರಾಕಿಗಳೆದುರು ಎದೆಯುಬ್ಬಿಸಿಕೊಂಡು ಓಡಾಡಿದೆ. ಕೊನೆಗೆ ಮಗಳೇ ಮೇಜಿನ ಪಕ್ಕ ನಿಂತು, ನಾನು ಒಂದು ಬೆಡ್‌ಶೀಟ್ ಮುಗಿಸುವಷ್ಟರಲ್ಲಿ ತಾವು ನೂರಾ ಎಂಬತ್ತು ಹೆಜ್ಜೆ ಎಣಿಸಿದ್ದನ್ನು ನೋಡಿ, ‘ಅಪ್ಪಾ, ನೀನು ಓಡಿಲ್ಲ, ಇಸ್ತ್ರಿ ಹಾಕಿದೀಯ’ ಎಂದಳು. ಓಟಕ್ಕೆ ಆರೇ ವಾರ ಉಳಿದಿತ್ತು.

ಅಂದಿನಿಂದ ಬೆಳಗಿನ ಹೊತ್ತು ತಾವು ಅವಳ ಜೇಬಿನಲ್ಲಿ, ಅವಳು ಸೈಕಲ್ಲಿನ ಮೇಲೆ, ನಾನು ಹಿಂದೆ. ‘ಸಾಕಮ್ಮ, ಪ್ರಾಣ ಹೋಗ್ತಿದೆ’ ಎಂದರೆ ‘ಮಾತಾಡೋಕೆ ಉಸಿರಿದೆಯಲ್ಲ, ಬಾ’ ಎನ್ನುತ್ತಾಳೆ. ಪ್ರಾಣ ಹೋಗುವ ಜಾಗದಿಂದ ಆಚೆಗೂ ನಾಲ್ಕು ದೀಪದ ಕಂಬಗಳಿರುತ್ತವೆ ಎಂಬುದು ನನಗೆ ಈ ನಲವತ್ತೇಳನೆಯ ವಯಸ್ಸಿನಲ್ಲಿ ಗೊತ್ತಾಯಿತು. ಹೋದ ವಾರ ಹದಿನೇಳು ಕಿಲೋಮೀಟರ್ ಓಡಿದೆ, ಕಾಲಿನಲ್ಲಿ. ಕೊನೆಯ ಕಂಬ ಹಿಡಿದುಕೊಂಡು ಅತ್ತೇಬಿಟ್ಟೆ.

ಆದ್ದರಿಂದ ಭಾನುವಾರದ ಓಟದಲ್ಲಿ ಹನ್ನೆರಡನೆಯ ಕಿಲೋಮೀಟರಿನ ಹತ್ತಿರ ತಾವು ದಯಮಾಡಿ ಕಳಕಳಿ ತೋರಬಾರದೆಂದೂ, ಬಾಯಿಬಿಡಲೇಬೇಕಾದರೆ ನಾಲ್ಕು ಮಾತು ಬೈಯಬೇಕೆಂದೂ, ಸಾಧ್ಯವಾದರೆ ಆ ರಸ್ತೆಯ ಬಸ್ಸುಗಳನ್ನು ಅಂದೊಂದು ದಿನ ಬೇರೆ ಕಡೆ ತಿರುಗಿಸಬೇಕೆಂದೂ ಕೈಮುಗಿದು ಪ್ರಾರ್ಥಿಸುತ್ತೇನೆ.

ಇಂತಿ,
ತಮ್ಮನ್ನು ನಂಬಿದಷ್ಟೂ ಹಿಂದೆ ಬಿದ್ದ ವಿಶ್ವಾಸಿ,
ಇಸ್ತ್ರಿ ಅಂಗಡಿಯವನು

ಮರೆತಿದ್ದೆ: ಮೇಲಿನ ಪ್ರಾರ್ಥನೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ಭಾನುವಾರ ತಾವು ಅಂಗಡಿಯಲ್ಲಿ ನನ್ನ ಹೆಂಡತಿಯ ಕೈಯಲ್ಲಿರುತ್ತೀರಿ. ಬೆಡ್‌ಶೀಟುಗಳು ರಾಶಿ ಬಿದ್ದಿವೆ. ತಾವು ನನಗಿಂತ ಮೊದಲೇ ಇಪ್ಪತ್ತೊಂದು ಮುಗಿಸುತ್ತೀರಿ, ಅಭಿನಂದನೆಗಳು. ನೀರಿನ ಬಾಟಲಿ ಹಿಡಿದ ಮಗಳು ಮಾತ್ರ ಗೆರೆಯ ಹತ್ತಿರ ನನಗೇ ಕಾಯುತ್ತಿರುತ್ತಾಳೆ.